ಬೈಟೂ ಹುಡುಗರೂ ಥುಕ್ಪಾ ಬಟ್ಟಲೂ

ವಿದೇಶಕ್ಕೆ ಹೋಗಿ ಬಂದವರ ಕತೆಗಳಲ್ಲಿ ಊಟದ ಅಳತೆಯ ವಿಷಯ ಬಂದೇ ಬರುತ್ತದೆ. ಅಮೆರಿಕದಲ್ಲಿ ಕೋಲಾ ಕೇಳಿದರೆ ಚೊಂಬಿನಷ್ಟು ದೊಡ್ಡ ಲೋಟ ಕೊಡುತ್ತಾರಂತೆ, ಇಟಲಿಯಲ್ಲಿ ಕಾಫಿ ಎರಡೇ ಗುಟುಕಿಗೆ ಖಾಲಿಯಂತೆ. ನನ್ನ ಬಳಿ ಪಾಸ್‌ಪೋರ್ಟ್ ಇಲ್ಲ. ಆದರೆ ಹಳಿಯಾಳದವರಿಗೆ ಅದರ ಚಿಂತೆ ಯಾಕೆ? ಮುಂಡಗೋಡದ ಟಿಬೆಟನ್ ಕ್ಯಾಂಪ್ ಇದೆಯಲ್ಲ!

ಇಂಟರ್ನಲ್ಸ್ ಮುಗಿದ ಶನಿವಾರ ನಾಲ್ವರು ಹೊರಟೆವು. ನಾನು, ದಾಂಡೇಲಿಯವನೊಬ್ಬ, ಜೋಯಿಡಾದವನೊಬ್ಬ, ಜೊತೆಗೆ ಕ್ಯಾಂಪಿನಲ್ಲೇ ಹುಟ್ಟಿ ಬೆಳೆದ ನಮ್ಮ ಕ್ಲಾಸ್‌ಮೇಟ್. ನಾವೆಲ್ಲ ಅಪ್ಪಟ ಬೈಟೂ ಗಿರಾಕಿಗಳು. ಒಂದು ಚಹಾ ಹೇಳಿ ಎರಡು ಕಪ್ ಮಾಡಿಸಿಕೊಳ್ಳುವವರು.

ಅಲ್ಲಿನ ಹೋಟೆಲಿನಲ್ಲಿ ಥುಕ್ಪಾ ಹೇಳಿದೆವು. ಬಿಸಿ ಸಾರಿನಲ್ಲಿ ನೂಡಲ್ಸ್, ತರಕಾರಿ ತುಂಬಿದ ಬಟ್ಟಲು ಬಂತು. ‘ಇದು ನಾಲ್ಕೂ ಜನಕ್ಕೇನಲೇ?’ ಎಂದ ದಾಂಡೇಲಿಯವನು. ಅಷ್ಟರಲ್ಲಿ ಅಷ್ಟೇ ದೊಡ್ಡ ಇನ್ನೂ ಮೂರು ಬಟ್ಟಲು ಬಂದವು! ಜೋಯಿಡಾದವನು ‘ನಮ್ಮನ್ಯಾಗ ಇಂಥಾದ್ರಾಗ ಹಿಟ್ಟು ಕಲಸ್ತಾರ’ ಎಂದ. ಹೊಟ್ಟೆ ತುಂಬಿದರೂ ಬಟ್ಟಲು ಮಾತ್ರ ತಳ ಕಾಣಲಿಲ್ಲ.

ನಗು ಮುಗಿದ ಮೇಲೆ ಗೆಳೆಯ ಕಾರಣ ಹೇಳಿದ. ಟಿಬೆಟ್ ಪ್ರಸ್ಥಭೂಮಿಯ ಸರಾಸರಿ ಎತ್ತರ 4,000 ಮೀಟರಿಗೂ ಹೆಚ್ಚು. ಆ ಚಳಿಯಲ್ಲಿ ದುಡಿಯುವ ಮೈಗೆ ಬಿಸಿಯೂ ಬೇಕು, ಕೊಬ್ಬೂ ಬೇಕು. ಚಹಾಕ್ಕೂ ಬೆಣ್ಣೆ, ಉಪ್ಪು ಹಾಕುವುದು ಅದಕ್ಕೇ. 1966ರಲ್ಲಿ ಇಲ್ಲಿ ಕ್ಯಾಂಪ್ ಶುರುವಾದಾಗ ಅವನ ಅಜ್ಜಂದಿರ ಪಾಲಿಗೆ ಬಂದದ್ದು ಕಾಡು ಕಡಿದು ಹೊಲ ಮಾಡುವ ಕೆಲಸ. ಹವಾಮಾನ ಬದಲಾಯಿತು, ಹಸಿವು ಬದಲಾಗಲಿಲ್ಲ.

ಆಮೇಲೆ ಅವನ ಮನೆಗೆ ಹೋದೆವು. ಅವನ ಅಮ್ಮನನ್ನು ಅವನಂತೆ ನಾವೂ ‘ಅಮಾ-ಲಾ’ ಎಂದೆವು. ಬೆಣ್ಣೆ ಚಹಾ ಬಂತು. ಉಳಿಸಿದರೆ ಚೆನ್ನಾಗಿರಲ್ಲ ಎಂದು ದಾಂಡೇಲಿಯವನು ಪೂರ್ತಿ ಕುಡಿದ. ಕಪ್ ಮತ್ತೆ ತುಂಬಿತು. ಮತ್ತೆ ಕುಡಿದ, ಮತ್ತೆ ತುಂಬಿತು. ಅತಿಥಿಯ ಕಪ್ ಖಾಲಿ ಇರಬಾರದು ಎನ್ನುವುದು ಅವರ ಪದ್ಧತಿ. ಸಾಕಾದರೆ ತುಂಬಿದ ಕಪ್ಪನ್ನು ಹಾಗೇ ಬಿಟ್ಟು, ಹೊರಡುವಾಗ ಕುಡಿದರಾಯಿತು. ಗೆಳೆಯ ಇದನ್ನು ಹೇಳಿದ್ದು ನಾಲ್ಕನೇ ಕಪ್ಪಿಗೆ!

ಎಂಜಿನಿಯರಿಂಗ್ ತಲೆ ಸುಮ್ಮನಿರುತ್ತದೆಯೇ? ಲೆಕ್ಕ ಹಾಕಿದೆ. ನಮ್ಮ ಮದುವೆ ಮನೆಯ ಎಲೆಯಲ್ಲಿ ಅನ್ನ ಒಂದು ಸೌಟು ಮಾತ್ರ ಬೀಳುತ್ತದೆ. ಆದರೆ ಸಾರಿಗೊಮ್ಮೆ, ಸಾಂಬಾರಿಗೊಮ್ಮೆ, ಮಜ್ಜಿಗೆಗೊಮ್ಮೆ. ಮನೆಯಲ್ಲಂತೂ ತಿಂದ ರೊಟ್ಟಿ ಎಣಿಸಬಾರದು ಎನ್ನುತ್ತಾಳೆ ಅಜ್ಜಿ. ಎಲ್ಲ ಕೂಡಿಸಿದರೆ ಥುಕ್ಪಾ ಬಟ್ಟಲಿಗೇನೂ ಕಡಿಮೆ ಇಲ್ಲ. ಅವರದು ಒಂದೇ ಸಲ, ನಮ್ಮದು ಕಂತಿನಲ್ಲಿ, ಅಷ್ಟೇ ವ್ಯತ್ಯಾಸ.

ಅಮಾ-ಲಾ ಅವರ ದೊಡ್ಡ ಮಗ ಕೆಲಸಕ್ಕೆಂದು ವಿದೇಶದಲ್ಲಿದ್ದಾನೆ. ‘ಅಲ್ಲಿ ಥುಕ್ಪಾ ಬಟ್ಟಲು ಸಣ್ಣದಂತೆ ತಮ್ಮಾ, ರೇಟು ಮಾತ್ರ ದೊಡ್ಡದಂತೆ’ ಎಂದು ನಕ್ಕರು. ನಗುತ್ತಲೇ ನಮ್ಮ ಗೆಳೆಯನ ಕಡೆ ನೋಡಿದರು. ಡಿಗ್ರಿ ಮುಗಿದ ಮೇಲೆ ಅವನೂ ಹೊರಡುವವನೇ. ಕ್ಯಾಂಪಿನ ಎಷ್ಟೋ ಮನೆಗಳಲ್ಲಿ ಈಗ ಹಿರಿಯರೇ ಉಳಿದಿದ್ದಾರೆ. ಜೋಯಿಡಾದ ಹಳ್ಳಿಗಳ ಕತೆಯೂ ಬೇರೆಯಲ್ಲ ಎಂದ ಇನ್ನೊಬ್ಬ ಗೆಳೆಯ.

ಕೆಲಸ ಸಿಕ್ಕರೆ ಮುಂದಿನ ವರ್ಷ ನಾವೂ ಬೆಂಗಳೂರಿನ ಯಾವುದೋ ಪಿಜಿಯಲ್ಲಿರುತ್ತೇವೆ. ಅಲ್ಲಿ ಚಪಾತಿ ಎಣಿಸಿ ಹಾಕುತ್ತಾರೆ ಎಂದು ಸೀನಿಯರ್‌ಗಳು ಈಗಲೇ ಹೆದರಿಸಿದ್ದಾರೆ. ಸಂಬಳ ಬಂದರೆ ಎರಡು ಪ್ಲೇಟ್ ಹೆಚ್ಚು ಕೊಳ್ಳಬಹುದು ಬಿಡಿ. ಆದರೆ ಸಾಕು ಸಾಕು ಎಂದರೂ ಕೇಳದೆ ಬಡಿಸುವ ಕೈ ಯಾವ ಪ್ಯಾಕೇಜಿನಲ್ಲೂ ಬರುವುದಿಲ್ಲ. ಅದಕ್ಕೇ ಫ್ರೆಂಡ್ಸ್, ಮನೆಯಲ್ಲಿರುವಷ್ಟು ದಿನ ‘ಇನ್ನೊಂದು ಹಾಕ್ಲಾ?’ ಎಂದರೆ ಡಯಟ್ ಕತೆ ಹೇಳಬೇಡಿ. ತಟ್ಟೆ ಮುಂದೆ ಹಿಡಿಯಿರಿ.