ಇಂಗ್ಲಿಷಿನ ಸಾಮಾನ್ಯ ವರ್ತಮಾನಕಾಲವೂ ಕನ್ನಡ ಬಾಲಕರೂ

ಇಂಗ್ಲಿಷಿನ 'ಸಿಂಪಲ್ ಪ್ರೆಸೆಂಟ್' ಎಂಬ ಕ್ರಿಯಾರೂಪವನ್ನು 'ವರ್ತಮಾನಕಾಲ'ವೆಂದು ಭಾಷಾಂತರಿಸಿ, ಈಗ ನಡೆಯುತ್ತಿರುವ ಕ್ರಿಯೆಯನ್ನು ಅದು ಹೇಳುವುದೆಂದು ಬಾಲಕರಿಗೆ ಬೋಧಿಸುವುದುಂಟು. ಈ ಲಕ್ಷಣವು ಅವರನ್ನು ದಾರಿತಪ್ಪಿಸತಕ್ಕುದು. 'ಹಿ ಪ್ಲೇಸ್' ಎಂದರೆ ಆಡುವುದು ಅವನ ರೂಢಿ ಎಂದರ್ಥ. ಈ ಕ್ಷಣದ ಆಟಕ್ಕೆ 'ಹಿ ಈಸ್ ಪ್ಲೇಯಿಂಗ್' ಎಂಬ ಬೇರೆ ರೂಪವೇ ಇದೆ.

ಕಾಲದ ಹೆಸರು ಅರ್ಥವನ್ನೆಲ್ಲ ಹೇಳದೆಂಬುದು ಕನ್ನಡ ವಿದ್ವಾಂಸರಿಗೆ ಹೊಸತಲ್ಲ. ಹಳಗನ್ನಡದಲ್ಲಿ ವರ್ತಮಾನಕ್ಕೆ 'ದಪ'ವೂ ಭವಿಷ್ಯತ್ತಿಗೆ 'ವ'ಕಾರವೂ ವಿಹಿತವಾಗಿದ್ದರೂ, ರೂಢಿಯ ಕ್ರಿಯೆಯನ್ನು ಹೇಳಲು 'ವ'ಕಾರದ ರೂಪವೇ ಬಳಕೆಗೆ ಬರುತ್ತಿತ್ತು. ಹೊಸಗನ್ನಡದಲ್ಲಿ 'ಸೂರ್ಯನು ಪೂರ್ವದಲ್ಲಿ ಹುಟ್ಟುತ್ತಾನೆ', 'ಅಗೋ, ಸೂರ್ಯನು ಹುಟ್ಟುತ್ತಿದ್ದಾನೆ' ಎಂಬ ವಾಕ್ಯಗಳ ಅಂತರವನ್ನು ಚಿಕ್ಕ ಮಕ್ಕಳೂ ಬಲ್ಲರು. ಉಪಾಧ್ಯಾಯರು ಇಲ್ಲಿಂದಲೇ ಪಾಠವನ್ನು ಆರಂಭಿಸಬಹುದು. ಆದರೆ 'ನಾಳೆ ಬರುತ್ತಾನೆ' ಎಂದು ನಾವು ಭವಿಷ್ಯತ್ತಿಗೂ ಇದೇ ರೂಪವನ್ನು ಬಳಸುವುದರಿಂದ, ಮೊದಲ ಉದಾಹರಣೆಗಳಲ್ಲಿ 'ದಿನವೂ', 'ಪ್ರತಿ ಸೋಮವಾರ' ಎಂಬಂಥ ಮಾತುಗಳು ಅವಶ್ಯವಾಗಿರಬೇಕು.

ಅರ್ಥಕ್ಕಿಂತ ರೂಪವೇ ಕಷ್ಟ. ಕನ್ನಡದಲ್ಲಿ ಆಡುತ್ತೇನೆ, ಆಡುತ್ತೀಯೆ, ಆಡುತ್ತಾನೆ ಎಂದು ಪ್ರತಿ ಪುರುಷಕ್ಕೂ ಪ್ರತ್ಯಯವುಂಟು. ಇಂಗ್ಲಿಷಿನಲ್ಲಿ ಹಿಂದೆ ಇದ್ದ ಇಂಥ ಪ್ರತ್ಯಯಗಳು ಸವೆದು, ಇಂದು ಸಾಮಾನ್ಯ ಧಾತುಗಳಲ್ಲಿ ಪ್ರಥಮಪುರುಷ ಏಕವಚನದ 'ಸ್' ಒಂದೇ ಉಳಿದಿದೆ. ಕರ್ತೃಪದವೇ ಪುರುಷವನ್ನು ತಿಳಿಸುವುದರಿಂದ ಬಾಲಕನು ಅದನ್ನು ಬಿಟ್ಟುಬಿಡುವನು. ನಿಷೇಧದಲ್ಲಿ ಮಾತ್ರ ಎರಡು ಭಾಷೆಗಳೂ ಸಮೀಪಿಸುತ್ತವೆ: ನಾನು, ಅವನು, ಅವರು ಎಲ್ಲರಿಗೂ 'ಆಡುವುದಿಲ್ಲ' ಎಂಬುದೊಂದೇ ರೂಪ, 'ಹಿ ಡಸ್ ನಾಟ್ ಪ್ಲೇ' ಎಂಬಲ್ಲಿಯೂ ಪ್ರತ್ಯಯವು ಸಹಾಯಕ ಧಾತುವಿಗೆ ಸರಿದು, ಮುಖ್ಯಧಾತುವು ಬರಿದಾಗಿ ನಿಲ್ಲುವುದು. ಈ ಸಾಮ್ಯವನ್ನು ತೋರಿಸಿದರೆ 'ಡಸ್ ನಾಟ್ ಪ್ಲೇಸ್' ಎಂಬ ದೋಷವು ಕಡಮೆಯಾದೀತು.

ಅಮೆರಿಕೆಯ ಮನಶ್ಶಾಸ್ತ್ರಜ್ಞ ರೋಜರ್ ಬ್ರೌನರು, ಇಂಗ್ಲಿಷೇ ಮಾತೃಭಾಷೆಯಾದ 3 ಮಕ್ಕಳ ಮಾತನ್ನು ಪರಿಶೀಲಿಸಿ, 14 ವ್ಯಾಕರಣಾಂಶಗಳು ಕೈಗೂಡುವ ಕ್ರಮವನ್ನು 1973ರಲ್ಲಿ ಪ್ರಕಟಿಸಿದರು. ಅದರಲ್ಲಿ 'ಇಂಗ್' ಪ್ರತ್ಯಯವು ಮೊದಲನೆಯದು. ಈ 'ಸ್' 10ನೆಯದು. ಮಾತೃಭಾಷೆಯ ಶಿಶುವಿಗೇ ತಡವಾಗಿ ಬರುವುದನ್ನು ನಮ್ಮ ಬಾಲಕನು ಬಿಟ್ಟಾಗ ಅಲಕ್ಷ್ಯವೆಂದೆಣಿಸಿ ಅಂಕ ಕಳೆಯುವುದು ನ್ಯಾಯವಲ್ಲ. ಮೊದಲು ರೂಢಿಯ ಅರ್ಥವು ಮನಸ್ಸಿಗೆ ಹತ್ತಲಿ. ಪ್ರತ್ಯಯವು ಕೇಳಿ ಕೇಳಿ, ಆಡಿ ಆಡಿ ನಾಲಗೆಗೆ ಬರಲಿ. ಸೂತ್ರವನ್ನು ಬಾಯಿಪಾಠ ಮಾಡಿಸುವುದು ಅದರ ಅನಂತರದ ಕೆಲಸ.