ಅಜ್ಜಿಯ ಪಾಲಿನ ಸಿಹಿ ಗೆಡ್ಡೆ

ನೋಡಲು ಥೇಟ್ ಗೆಣಸು, ಹಸಿಯಾಗಿ ಕಚ್ಚಿದರೆ ಸೇಬಿನಂತೆ ಕರುಂ ಕುರುಂ. ಇದು ಯಾಕೋನ್, ಆ್ಯಂಡಿಸ್ ಪರ್ವತ ಸೀಮೆಯ, ಸೂರ್ಯಕಾಂತಿ ಕುಟುಂಬದ ಗಿಡ. ಎಂಜಿನಿಯರಿಂಗ್ ಹಾಸ್ಟೆಲ್‌ನ ಸಿಕ್ಕಿಂ ಗೆಳೆಯ ಕೊಟ್ಟ ತುಂಡನ್ನು ಮಡಿಕೇರಿಯ ನಮ್ಮ ಹಿತ್ತಲಲ್ಲಿ ನೆಟ್ಟೆ. ತಿನ್ನುವ ಗೆಡ್ಡೆ ಮೊಳೆಯದು. ಕಾಂಡದ ಬುಡದ ಗಂಟನ್ನೇ ನೆಡಬೇಕು. ಸಡಿಲ ಮಣ್ಣು, ಕೊಟ್ಟಿಗೆ ಗೊಬ್ಬರ ಸಾಕು. ಏಳೆಂಟು ತಿಂಗಳಲ್ಲಿ ಎಲೆ ಒಣಗಿದಾಗ ಅಗೆಯಬಹುದು.

ಇದರಲ್ಲಿ ಪಿಷ್ಟ ಬಲು ಕಡಿಮೆ. ಹೆಚ್ಚಿರುವುದು ನಮ್ಮ ಹೊಟ್ಟೆ ಜೀರ್ಣಿಸಿಕೊಳ್ಳಲಾಗದ ಫ್ರಕ್ಟೊ-ಆಲಿಗೊಸ್ಯಾಕರೈಡ್. ಅಗೆದು ಬಿಸಿಲಿಗಿಟ್ಟರೆ ಅದು ಮಾಮೂಲಿ ಸಕ್ಕರೆಗಳಾಗಿ ಒಡೆದು ಸಿಹಿ ಹೆಚ್ಚುತ್ತದೆ. ಹಾಗಾಗಿ ಬಿಸಿಲು ಕಂಡದ್ದು ನಮಗೆ. ಆಗಷ್ಟೇ ಅಗೆದದ್ದರಲ್ಲಿ ಎರಡು ಹೋಳು ಸಕ್ಕರೆ ಕಾಯಿಲೆಯ ಅಜ್ಜಿಗೆ, ಅದೂ ಡಾಕ್ಟರನ್ನು ಕೇಳಿಯೇ. ಇದು ಔಷಧಿಯಲ್ಲ, ಮಾತ್ರೆ ತಪ್ಪಿಸುವಂತಿಲ್ಲ. ಆದರೆ ಮನೆಯವರೆಲ್ಲ ಸಿಹಿ ತಿನ್ನುವಾಗ ಅಜ್ಜಿ ಈಗ ಎದ್ದು ಒಳಗೆ ಹೋಗುವುದಿಲ್ಲ.