ಮೈಸೂರು–ಹಾಸನ ರೈಲುದಾರಿ: ಬಳಸುಪಯಣದ ಒಂದು ವಿಚಾರ

ರೈಲುದಾರಿಗಳ ವಿಷಯದಲ್ಲಿ ‘ವಿರಳ’ವೆಂಬ ಮಾತು ಎರಡು ಬೇರೆ ಬೇರೆ ಸಂಗತಿಗಳಿಗೆ ಸಲ್ಲುತ್ತದೆ. ಹಳಿಯಿದ್ದೂ ಅದರ ಮೇಲೆ ಜನರ ಗಾಡಿ ಓಡದಿರುವುದು ಒಂದು. ನೇರವಲ್ಲದ ಬಳಸುದಾರಿಯಲ್ಲಿ ಗಾಡಿ ಸಾಗುವುದು ಇನ್ನೊಂದು. ಮೊದಲನೆಯದಕ್ಕೆ ಅಳ್ನಾವರ–ದಾಂಡೇಲಿ ಕವಲು ನಿದರ್ಶನ. ಅಲ್ಲಿ ಬಹುಕಾಲ ನಿಂತಿದ್ದ ಪ್ರಯಾಣಿಕರ ಗಾಡಿ 2019ರ ನವೆಂಬರಿನಲ್ಲಿ ಮರಳಿ ಓಡಿತು. ಎರಡನೆಯದಕ್ಕೆ ಮೈಸೂರು–ಹಾಸನ ದಾರಿಯು ಒಳ್ಳೆಯ ನಿದರ್ಶನವಾಗಿದೆ.

ವಿಶ್ವೇಶ್ವರಯ್ಯನವರ ದಿವಾನಗಿರಿಯ ಕಾಲದಲ್ಲಿ (1912–1918) ಕೈಗೊಂಡ ಮೈಸೂರು–ಅರಸೀಕೆರೆ ದಾರಿಯ ದಕ್ಷಿಣಭಾಗವಿದು. ಬೆಳಗೊಳವನ್ನು ಕಳೆದು, ಸಾಗರಕಟ್ಟೆಯ ಬಳಿ ಕೃಷ್ಣರಾಜಸಾಗರದ ಹಿನ್ನೀರನ್ನು ದಾಟಿ, ಕೃಷ್ಣರಾಜನಗರ, ಹೊಸ ಅಗ್ರಹಾರ, ಅಕ್ಕಿಹೆಬ್ಬಾಳು, ಮಂದಗೆರೆ, ಹೊಳೆನರಸೀಪುರಗಳ ಮೇಲೆ ಸುಮಾರು 119 ಕಿಲೋಮೀಟರು ನಡೆದು ಹಾಸನವನ್ನು ಸೇರುತ್ತದೆ. ಮಿರ್ಲೆಯನ್ನು ಇದು ಮುಟ್ಟುವುದಿಲ್ಲ. ಆದರೂ ಆ ಸೀಮೆಯವರಿಗೆ ರೈಲೆಂದರೆ ಈ ದಾರಿಯೇ. ನೆರೆಯ ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಗಳಲ್ಲಿಯಾದರೋ ಹಳಿಯೇ ಇಲ್ಲ.

ಈ ದಾರಿಯ ಮಹತ್ತ್ವವು ಹೆಚ್ಚಿದುದು 1979ರಲ್ಲಿ ಹಾಸನ–ಮಂಗಳೂರು ಮಾರ್ಗವು ತೆರೆದಾಗ. ಸಕಲೇಶಪುರದಿಂದ ಸುಬ್ರಹ್ಮಣ್ಯದವರೆಗಿನ ಸುಮಾರು 55 ಕಿಲೋಮೀಟರಿನ ಘಟ್ಟದಲ್ಲಿ 57 ಸುರಂಗಗಳುಳ್ಳ ಆ ಮಾರ್ಗವು, ಹಳಿಗಳ ಅಗಲವನ್ನು ಹೆಚ್ಚಿಸುವ ಸಲುವಾಗಿ 1996ರಲ್ಲಿ ಮುಚ್ಚಲ್ಪಟ್ಟು, 2007ರ ಡಿಸೆಂಬರಿನಲ್ಲಿ ಪ್ರಯಾಣಿಕರಿಗೆ ಪುನಃ ದೊರೆಯಿತು. ಆಗಲೂ ಬೆಂಗಳೂರಿನಿಂದ ಹಾಸನಕ್ಕೆ ನೇರವಾದ ಹಳಿಯಿರಲಿಲ್ಲ. ಅರಸೀಕೆರೆಯ ಮೇಲೆ ಸುಮಾರು 213 ಕಿಲೋಮೀಟರು, ಮೈಸೂರಿನ ಮೇಲೆ ಸುಮಾರು 258 ಕಿಲೋಮೀಟರು ಸುತ್ತಬೇಕಾಗಿತ್ತು. ಹೀಗಿದ್ದೂ ಕಾರವಾರದ ರಾತ್ರಿಗಾಡಿಯು ಅನೇಕ ವರ್ಷ ಈ ಎರಡನೆಯ, ಅಂದರೆ ಹೆಚ್ಚು ದೂರದ ದಾರಿಯನ್ನೇ ಹಿಡಿದಿತ್ತು. ಶ್ರವಣಬೆಳಗೊಳದ ಮೇಲಣ ಹೊಸ ದಾರಿಯು 2017ರ ಮಾರ್ಚಿನಲ್ಲಿ ಪೂರ್ಣವಾಗಿ ತೆರೆದು, ಅಂತರವು ಸುಮಾರು 180 ಕಿಲೋಮೀಟರಿಗೆ ಇಳಿಯಿತು.

ಹಾಗಾದರೆ ಮೈಸೂರಿನ ಸುತ್ತು ಬರಿಯ ಕಾಲಹರಣವೆ? ಬೆಂಗಳೂರಿನಲ್ಲಿ ಹತ್ತಿ ಮಂಗಳೂರಿನಲ್ಲಿ ಇಳಿಯುವವನ ಲೆಕ್ಕದಲ್ಲಿ ಅಹುದು. ಅವನಿಗೆ 78 ಕಿಲೋಮೀಟರು ಹೆಚ್ಚಾಯಿತು. ಆದರೆ ಗಾಡಿಯು ತುದಿಯ ಎರಡು ಊರುಗಳ ಸೊತ್ತಲ್ಲ. ಮಂಡ್ಯ, ಮೈಸೂರುಗಳವರಿಗೆ ಕರಾವಳಿಯು ಒಂದೇ ಗಾಡಿಯಲ್ಲಿ ದೊರೆತುದು ಈ ಸುತ್ತಿನಿಂದಲೇ. ಅವರ ಪಾಲಿಗೆ ಇದೇ ನೇರವಾದ ದಾರಿ. ಹೊಸ ದಾರಿಯನ್ನು ಹಿಡಿಯಬೇಕಾದರೆ ಅವರು ಮೊದಲು ಬೆಂಗಳೂರಿಗೆ ಹಿಂದಿರುಗಬೇಕು, ಇಲ್ಲವೆ ಹಾಸನದಲ್ಲಿ ಗಾಡಿ ಬದಲಿಸಬೇಕು. ಹೊಸ ದಾರಿ ತೆರೆದ ಮೇಲೆ ರಾತ್ರಿಗಾಡಿಯನ್ನು ವಾರದ ಕೆಲವು ದಿನ ಅದರ ಮೇಲೆಯೂ ಉಳಿದ ದಿನ ಮೈಸೂರಿನ ಮೇಲೆಯೂ ನಡೆಸಿದ ಏರ್ಪಾಡು ಈ ಎರಡು ಲೆಕ್ಕಗಳನ್ನು ಸರಿದೂಗಿಸುವ ಯತ್ನವೇ ಆಗಿತ್ತು.

ಆದುದರಿಂದ ಒಂದು ದಾರಿಯು ನೇರವೋ ಬಳಸೋ ಎಂಬುದು ಭೂಪಟದಿಂದ ಮಾತ್ರವೇ ನಿರ್ಣಯವಾಗತಕ್ಕುದಲ್ಲ. ಅಳೆಯುವವನು ಯಾವ ನಿಲ್ದಾಣದಲ್ಲಿ ನಿಂತಿದ್ದಾನೆಂಬುದನ್ನೂ ಕೇಳಬೇಕು.